ಅವರು ಅಂದರೆ ಯಾರು?

ಓದಿ ಮೆಚ್ಚಿದ ಪತ್ತೇದಾರಿ ಕಾದಂಬರಿಯೊಂದು ಟಿವಿಗೆ ಬರುತ್ತಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ನನಗೆ ಮೊದಲು ಬರುವುದು ಸಿಟ್ಟು. ನೋಡುವುದಕ್ಕೆ ಮೊದಲೇ ಬರುತ್ತದೆ. ಪತ್ತೇದಾರ ನಡೆದು ಬರುವಾಗ ಮೊದಲು ಅವನ ಬೂಟು ತೋರಿಸುತ್ತಾರೆ, ಆಮೇಲೆ ಕನ್ನಡಕ, ಆಮೇಲೆ ಗಡ್ಡ. ಅಷ್ಟರಲ್ಲಿ ಜಾಹೀರಾತು ಬಂದುಬಿಡುತ್ತದೆ. ಯಾರಾದರೂ ‘ಅಯ್ಯೋ’ ಎಂದರೆ ಸಾಕು, ಮನೆಯಲ್ಲಿರುವ ಎಲ್ಲರ ಮುಖಕ್ಕೂ ಸರದಿಯ ಮೇಲೆ ಗುಡುಗು ಬಡಿಯುತ್ತದೆ, ಅಡುಗೆಯವನ ಮುಖವೂ ತಪ್ಪುವುದಿಲ್ಲ. ಇನ್ನು ಬಾಗಿಲಲ್ಲಿ ಬಂದು ಹೋಗುವ ಪುಟ್ಟ ಪಾತ್ರಕ್ಕೆ ಹೆಸರಾಂತ ನಟನನ್ನು ಹಾಕಿದ್ದರೆ ಮುಗಿಯಿತು, ಕೊಲೆಗಾರ ಅವನೇ. ಅಂಥವನನ್ನು ಕರೆಸಿ ಬರೀ ಕಾಫಿ ಕುಡಿಸಿ ಕಳಿಸುತ್ತಾರೆಯೇ?

ಪುಸ್ತಕದಲ್ಲಿ ಯಾರಿಗೂ ಮುಖವಿರುವುದಿಲ್ಲ, ನಾವೇ ಕೊಡಬೇಕು. ಅನುಮಾನ ಬಂದರೆ ಹಿಂದಿನ ಪುಟಕ್ಕೆ ಹೋಗಿ, ಈ ಮಹಾರಾಯ ಆಗ ಏನು ಹೇಳಿದ್ದ ಎಂದು ನೋಡಿಕೊಂಡು ಬರಬಹುದು. ಬೆರಳು ಒಂದು ಪುಟದಲ್ಲಿ, ಕಣ್ಣು ಇನ್ನೊಂದು ಪುಟದಲ್ಲಿ ಇಟ್ಟುಕೊಂಡು ಓದುವ ಸುಖ ಬಲ್ಲವರಿಗೇ ಗೊತ್ತು.

ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಪಕ್ಷಕ್ಕೆ ಇದ್ದ ಸದಸ್ಯರು ಒಬ್ಬರೇ, ನನ್ನ ಅತ್ತೆ. ನಿಜ ಹೇಳಬೇಕೆಂದರೆ ಪಕ್ಷ ಕಟ್ಟಿದವರೇ ಅವರು, ನಾನು ಆಮೇಲೆ ಸೇರಿದವಳು.

ಮದುವೆಯಾಗಿ ಬೆಂಗಳೂರಿನಲ್ಲೇ ವಿಜಯನಗರದಿಂದ ರಾಜಾಜಿನಗರಕ್ಕೆ ಬಂದಾಗ ಈ ಮನೆಯಲ್ಲಿ ನನಗೆ ಅರ್ಧ ಮಾತೇ ಅರ್ಥವಾಗುತ್ತಿರಲಿಲ್ಲ. ಅತ್ತೆಯದು ದಾವಣಗೆರೆ ಕಡೆ. ಬೆಂಗಳೂರಿಗೆ ಬಂದು ವರ್ಷಗಟ್ಟಲೆ ಆಗಿದ್ದರೂ ಬಾಯಿ ಮಾತ್ರ ಅಲ್ಲಿಯದೇ. ಅವರು ‘ಬ್ಯಾಡ’ ಎಂದರೆ ನನಗೆ ಗದರಿದ ಹಾಗೆ ಕೇಳಿಸುತ್ತಿತ್ತು. ನಾನು ‘ಬೇಡ ಬಿಡಿ’ ಎಂದರೆ ಅವರಿಗೆ ಸೊಕ್ಕಿನ ಹಾಗೆ ಕೇಳಿಸುತ್ತಿತ್ತಂತೆ. ಇಬ್ಬರೂ ಒಳ್ಳೆಯವರೇ, ಆದರೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದೇ ಜಾಸ್ತಿ. ಹೀಗಿರುವಾಗ ಒಂದು ಮಧ್ಯಾಹ್ನ ಅವರು ಚೀಲದಿಂದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟರು. ನಮ್ಮ ಬ್ಲಾಕಿನ ತಿರುವಿನಲ್ಲಿದ್ದ ಬಾಡಿಗೆ ಪುಸ್ತಕದಂಗಡಿಯದು. ಅದರ ಮೂಲೆ ಮಡಚಿತ್ತು, ಬೆನ್ನಿಗೆ ಕಂದು ಟೇಪು ಹಚ್ಚಿದ್ದರು, ಹೊದಿಕೆಯ ಮೇಲೆ ರಕ್ತ ಹನಿಯುವ ಕೈ.

“ಓದ್ತೀಯೇನು ಹುಡುಗಿ?” ಎಂದು ಕೇಳಿದರು.

ಅಂದಿನಿಂದ ನಾನು ಅವರಿಗೆ ‘ಹುಡುಗಿ’. ನನಗೆ ಮಗಳು ಹುಟ್ಟಿದ ಮೇಲೂ, ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಾ ನನ್ನ ತಲೆಕೂದಲು ನೆರೆದ ಮೇಲೂ ಅದೇ. ಮೆಟ್ರೊ ಸ್ಟೇಷನ್ನಿನಲ್ಲಿ ಒಮ್ಮೆ “ಏ ಹುಡುಗಿ, ಈ ಕಡಿ!” ಎಂದು ಅವರು ಕೂಗಿದಾಗ ನಾಲ್ಕಾರು ಕಾಲೇಜು ಹುಡುಗಿಯರು ತಿರುಗಿ ನೋಡಿ, ಓಡಿ ಬಂದವಳು ನಾನು ಎಂದು ಕಂಡು ಮುಸಿಮುಸಿ ನಕ್ಕಿದ್ದರು.

ಬಾಡಿಗೆ ಪುಸ್ತಕ ಓದಿದವರಿಗೆಲ್ಲ ಒಂದು ಪೀಡೆ ಗೊತ್ತಿರುತ್ತದೆ. ನಮಗಿಂತ ಮೊದಲು ಓದಿದ ಯಾವನೋ ಪುಣ್ಯಾತ್ಮ ಮೂರನೆಯ ಪುಟದಲ್ಲೇ ಪೆನ್ಸಿಲಿನಲ್ಲಿ ‘ಕೊಂದವನು ಇವನೇ’ ಎಂದು ಬರೆದು ಬಾಣದ ಗುರುತು ಹಾಕಿರುತ್ತಾನೆ. ನಾನು ಅಲ್ಲಿಯವರೆಗೆ ಓದಿದ್ದ ಪುಸ್ತಕಗಳಲ್ಲಿ ಇಂಥವು ಬೇಕಾದಷ್ಟಿದ್ದವು. ಅತ್ತೆ ತಂದುಕೊಟ್ಟವುಗಳಲ್ಲಿ ಮಾತ್ರ ಒಂದೂ ಇರಲಿಲ್ಲ. ನಮ್ಮ ಬ್ಲಾಕಿನ ಓದುಗರು ಸಭ್ಯರು ಎಂದುಕೊಂಡಿದ್ದೆ. ಒಂದು ದಿನ ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಉಜ್ಜಿ ಅಳಿಸಿದ ಅಕ್ಷರಗಳ ಗುಂಡಿ ಕಾಣಿಸಿತು. ಅತ್ತೆ ತಾವು ಮೊದಲು ಓದುತ್ತಿದ್ದುದು ಹಿರಿಯರೆಂಬ ಗತ್ತಿಗಲ್ಲ. ರಬ್ಬರು ಹಿಡಿದು ಕುಳಿತು, ಆ ಕಿಡಿಗೇಡಿಗಳ ಬರಹವನ್ನೆಲ್ಲ ಅಳಿಸಿ, ಚೊಕ್ಕಟ ಮಾಡಿ ನನಗೆ ಕೊಡುತ್ತಿದ್ದರು. ಅವರ ಸುಖವನ್ನು ಯಾವನೋ ಹಾಳು ಮಾಡಿದ್ದರೂ ನನ್ನದು ಉಳಿಯಲಿ ಎಂದು. ಅವರು ಅದನ್ನು ಹೇಳಿಕೊಳ್ಳಲಿಲ್ಲ, ನಾನೂ ಕೇಳಲಿಲ್ಲ. ಆ ದಿನದಿಂದ ‘ಬ್ಯಾಡ’ ನನಗೆ ಗದರಿದ ಹಾಗೆ ಕೇಳಿಸಲಿಲ್ಲ.

ಕೊಲೆಗಾರ ಯಾರೆಂದು ಓದದವರಿಗೆ ಹೇಳುವುದು ಅವರ ಲೆಕ್ಕದಲ್ಲಿ ಕೊಲೆಗಿಂತ ಸ್ವಲ್ಪವೇ ಚಿಕ್ಕ ಪಾಪ. ನನ್ನದೋ ಮೇಷ್ಟರ ನಾಲಗೆ, ಉತ್ತರ ಗೊತ್ತಿದ್ದರೆ ಸುಮ್ಮನಿರುವುದಿಲ್ಲ. ನಾನು ನನ್ನವರಿಗೆ ಊಟ ಬಡಿಸುತ್ತಾ ಕಥೆ ಹೇಳಲು ಶುರುಮಾಡಿ ಕೊನೆಯ ಹತ್ತಿರ ಬಂದೆನೋ, ದೇವರ ಮನೆಯಲ್ಲಿದ್ದರೂ ಸರಿ, ಹಿತ್ತಲಲ್ಲಿದ್ದರೂ ಸರಿ, ಅತ್ತೆಯ ದನಿ ಬರುತ್ತಿತ್ತು:

“ಹೇಳಬ್ಯಾಡ, ಹುಡುಗಿ!”

ನಾವಿಬ್ಬರೂ ಬಹಳ ಮೆಚ್ಚಿದ ಕಾದಂಬರಿ ಒಂದಿತ್ತು. ಬಾಡಿಗೆ ಪುಸ್ತಕದಂಗಡಿ ಮುಚ್ಚಿ, ಆ ಜಾಗದಲ್ಲಿ ಮೊಬೈಲ್ ಕವರ್ ಮಾರುವ ಮಳಿಗೆ ಬರುವ ಮೊದಲು, ಅತ್ತೆ ಹೋಗಿ ಅದೊಂದನ್ನು ಕೊಂಡು ತಂದರು. ಅದರ ಗುಟ್ಟನ್ನು ಈಗ ಹೇಳದಿದ್ದರೆ ನನ್ನ ಈ ಬರಹವೇ ಮುಂದಕ್ಕೆ ಹೋಗುವುದಿಲ್ಲ. ಪುಸ್ತಕ ಈಗ ಎಲ್ಲೂ ಸಿಗುವುದಿಲ್ಲ, ಅತ್ತೆಯೂ ಇದನ್ನು ನೋಡುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳುತ್ತೇನೆ.

ಹತ್ತಿ ಗಿರಣಿಯ ಯಜಮಾನನೊಬ್ಬ ಬೆಳಗಾಗುವಷ್ಟರಲ್ಲಿ ತನ್ನ ಕೋಣೆಯಲ್ಲಿ ಸತ್ತುಬಿದ್ದಿದ್ದಾನೆ. ಮನೆಯಲ್ಲಿದ್ದವರು ಅವನ ಹೆಂಡತಿ ಮತ್ತು ಅವನ ಅಕ್ಕ. ಹೆಂಡತಿ ಪತ್ತೇದಾರನಿಗೆ ಹೇಳುತ್ತಾಳೆ: ‘ಅವರು ಊಟ ಮುಗಿಸಿ ಕೋಣೆಗೆ ಹೋದರು. ಆಮೇಲೆ ಅವರು ಬಾಗಿಲು ಹಾಕಿದ ಸದ್ದು ಕೇಳಿಸಿತು.’ ಅಂದರೆ ಬಾಗಿಲು ಹಾಕುವ ಹೊತ್ತಿಗೆ ಯಜಮಾನ ಬದುಕಿದ್ದ ಎಂದು ಪತ್ತೇದಾರ ಹೊರಡುತ್ತಾನೆ, ಅವನ ಹಿಂದೆ ನಾವೂ ಹೊರಡುತ್ತೇವೆ. ಇಡೀ ಪುಸ್ತಕ ದಾರಿ ತಪ್ಪಿ ಅಲೆದ ಮೇಲೆ ಕೊನೆಯ ಅಧ್ಯಾಯದಲ್ಲಿ ಅವನಿಗೆ ಹೊಳೆಯುತ್ತದೆ. ಆ ಹೆಂಗಸು ಗಂಡನ ಹೆಸರು ಹೇಳುವವಳಲ್ಲ, ಗಂಡನ ಅಕ್ಕನ ಹೆಸರನ್ನೂ ಹೇಳುವವಳಲ್ಲ. ಇಬ್ಬರೂ ಅವಳಿಗೆ ‘ಅವರು’. ಮೊದಲನೆಯ ‘ಅವರು’ ಗಂಡ. ಎರಡನೆಯ ‘ಅವರು’ ಅತ್ತಿಗೆ. ಕೋಣೆಯಿಂದ ಹೊರಗೆ ಬಂದು ಬಾಗಿಲು ಎಳೆದುಕೊಂಡವಳು ಕೊಂದವಳೇ. ಹೆಂಡತಿ ಮೊದಲ ದಿನವೇ ನಿಜ ಹೇಳಿದ್ದಳು, ಕೇಳಿದವರಿಗೆ ಕಿವಿ ಇರಲಿಲ್ಲ, ಅಷ್ಟೆ.

ಅತ್ತೆಗೆ ಆ ಪುಸ್ತಕ ಯಾಕೆ ಅಷ್ಟು ಇಷ್ಟ ಎಂದು ನನಗೆ ಗೊತ್ತು. ಅವರೂ ಜನ್ಮದಲ್ಲಿ ಗಂಡನ ಹೆಸರು ಹೇಳಿದವರಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ನನ್ನ ಕಡೆ ತಿರುಗಿ “ನೀ ಹೇಳು” ಎನ್ನುತ್ತಿದ್ದರು. ಮಾವ ತೀರಿಕೊಂಡ ಮೇಲೂ ‘ಅವ್ರು’ ಎಂದರೆ ಅವರೇ. ‘ಅವ್ರಿಗೆ ಮೆಣಸಿನಕಾಯಿ ಮಂಡಕ್ಕಿ ಅಂದ್ರೆ ಜೀವ’ ಎಂದು ಹೇಳಿ ಗೋಡೆಯ ಫೋಟೋದ ಕಡೆ ನೋಡದೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಂಥ ಒಂದು ಪುಟ್ಟ ಮಾತಿನೊಳಗೆ ಒಬ್ಬ ಲೇಖಕ ಕೊಲೆಯನ್ನೇ ಬಚ್ಚಿಟ್ಟಿದ್ದು ಅವರಿಗೆ ಭಾರಿ ಹೆಮ್ಮೆ. “ಇದನ್ನ ಟಿವಿಯಾಗ ಹೆಂಗ ತೋರಿಸ್ತಾರ, ತೋರಿಸ್ಲಿ ನೋಡೋಣ” ಎಂದು ಸವಾಲು ಹಾಕುತ್ತಿದ್ದರು.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸೋತವು. ಕಾಲು ಮೆಲ್ಲಗೆ ಚೇತರಿಸಿತು. ಗೋಡೆ ಹಿಡಿದು ವರಾಂಡದವರೆಗೆ ನಡೆಯುವಂತಾದರು. ಮಾತು ಮಾತ್ರ ಹೋಗಿತ್ತು. ಉಳಿದದ್ದು ಒಂದೇ ಪದ, ‘ಅದು’.

ನೀರು ಬೇಕಾದರೂ ಅದು, ಫ್ಯಾನು ಹಾಕಬೇಕಾದರೂ ಅದು. ಮಗ ಕೆಲಸದಿಂದ ಬಂದರೆ ಅವನೂ ಅದು. ವಿಚಿತ್ರವೆಂದರೆ ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಕುಳಿತರೆ ‘ಓಂ ನಮಃ ಶಿವಾಯ’ ಒಂದಿಷ್ಟೂ ತೊಡಕಿಲ್ಲದೆ ಬರುತ್ತಿತ್ತು. ಪೂಜೆ ಮುಗಿಸಿ ಕಾಫಿ ಕೇಳಬೇಕೆಂದರೆ ಮತ್ತೆ ಅದು. ಒಂದು ಸೋಮವಾರ ‘ಅದು, ಅದು’ ಎಂದು ಒಂದೇ ಸಮನೆ ಕೈ ತೋರಿಸಿದರು. ನಾನು ನೀರು ಕೊಟ್ಟೆ, ಕಿಟಕಿ ತೆಗೆದೆ, ಟವೆಲ್ ತಂದೆ, ಕ್ಯಾಲೆಂಡರನ್ನೇ ಗೋಡೆಯಿಂದ ಇಳಿಸಿದೆ. ಅವರ ಕಣ್ಣಲ್ಲಿ ನೀರು ಬಂತು. ಕೊನೆಗೆ ತಮ್ಮ ಎಡಗೈಯ ಮೂರು ಬೆರಳನ್ನು ಹಣೆಯ ಮೇಲೆ ಎಳೆದುಕೊಂಡರು. ವಿಭೂತಿ. ಆ ದಿನ ನಾನು ಲಿಂಗದ ಕರಡಿಗೆಯ ಪಕ್ಕ ವಿಭೂತಿಗಟ್ಟಿ ಇಡುವುದನ್ನು ಮರೆತಿದ್ದೆ.

ಅವರ ಬಾಯಲ್ಲಿ ನಾನೂ ‘ಅದು’ ಆಗಿದ್ದೆ. ಹೇಳಲು ಸಂಕೋಚವೇನಿಲ್ಲ, ನನಗೆ ಅದನ್ನು ತಡೆಯಲಾಗುತ್ತಿರಲಿಲ್ಲ. ಅವರ ಬೇರೆ ಯಾವ ಮಾತು ಬರದಿದ್ದರೂ ಚಿಂತೆಯಿಲ್ಲ, ಸನ್ನೆಯಲ್ಲಿ ಬಾಳುವೆ ಮಾಡಬಹುದು. ಆದರೆ ಈ ಭೂಮಿಯ ಮೇಲೆ ನನ್ನನ್ನು ಹುಡುಗಿ ಎನ್ನುತ್ತಿದ್ದವರು ಅವರೊಬ್ಬರೇ. ನನ್ನ ತಾಯಿ ಎಂದೋ ಹೋಗಿದ್ದರು. ಶಾಲೆಯಲ್ಲಿ ನಾನು ಮೇಡಂ, ತರಕಾರಿಯವನಿಗೆ ಆಂಟಿ. ಆ ಒಂದು ಪದ ಮತ್ತೆ ಕೇಳಿಸಿದರೆ ಸಾಕು ಎಂದು ದಿನಾ ಬೆಳಿಗ್ಗೆ ಅವರ ಮುಖ ನೋಡುತ್ತಿದ್ದೆ.

ಬಸವೇಶ್ವರನಗರದಿಂದ ಮಾತಿನ ಚಿಕಿತ್ಸೆಗೆಂದು ಒಬ್ಬ ಚಿಕ್ಕ ವಯಸ್ಸಿನ ಮೇಡಂ ಮನೆಗೆ ಬರುತ್ತಿದ್ದಳು. ಚಿತ್ರದ ಕಾರ್ಡುಗಳನ್ನು ಹರಡಿ, ಇದೇನಜ್ಜಿ, ಅದೇನಜ್ಜಿ ಎಂದು ಕೇಳುವಳು. ಬಾಳೆಹಣ್ಣಿನ ಚಿತ್ರ, ಬಾಚಣಿಗೆಯ ಚಿತ್ರ. ಕೊಲೆ, ವಿಷ, ಕಳ್ಳ ಕೀಲಿಕೈಗಳ ನಡುವೆ ಆಯುಷ್ಯ ಕಳೆದ ಅತ್ತೆ ಆ ಬಾಳೆಹಣ್ಣನ್ನು ನೋಡಿ ಮುಖ ಕಿವುಚುತ್ತಿದ್ದರು. ನಾನು ಬದಿಯಲ್ಲಿ ಕುಳಿತು, ತಡೆಯಲಾರದೆ, “ಬಾ... ಬಾಳೆ...” ಎಂದುಬಿಡುತ್ತಿದ್ದೆ.

“ಮೇಡಂ, ನೀವು ಹೇಳಿಕೊಡ್ಬೇಡಿ,” ಎಂದಳು ಆಕೆ ಒಂದು ದಿನ. “ಅವರೇ ಹುಡುಕ್ಲಿ. ಎಷ್ಟು ಹೊತ್ತಾದ್ರೂ ಕಾಯಿರಿ. ನೀವು ಊಹೆ ಮಾಡಿ ಕೊಟ್ಬಿಟ್ರೆ ಅವರು ಯಾಕೆ ಕಷ್ಟಪಡ್ತಾರೆ?”

ಪತ್ತೇದಾರಿ ಓದುವವಳಿಗೆ ಊಹೆ ಮಾಡಬೇಡ ಎನ್ನುವುದು, ಅದೂ ಮೇಷ್ಟರಿಗೆ ಉತ್ತರ ಹೇಳಬೇಡ ಎನ್ನುವುದು! ಆದರೂ ತುಟಿ ಕಚ್ಚಿಕೊಂಡೆ.

ಪುಸ್ತಕ ಅವರ ಕೈಗೆ ಕೊಟ್ಟು ನೋಡಿದ್ದೆ. ಅಕ್ಷರಗಳು ಅವರಿಗೆ ನಿಲ್ಲುತ್ತಿರಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು, ಅದೇ ಸಾಲಿಗೆ ಮತ್ತೆ ಮತ್ತೆ ಬಂದು, ಕೊನೆಗೆ ಪುಸ್ತಕ ತಳ್ಳಿಬಿಟ್ಟರು. ಸರಿ, ನಾನೇ ಓದಿ ಹೇಳುತ್ತೇನೆಂದು ಕುಳಿತರೆ ಗೋಡೆಯ ಕಡೆ ಹೊರಳಿ ಮಲಗಿದರು. ಅದು ನನಗೆ ಅರ್ಥವಾಯಿತು. ನನಗೆ ಪುಸ್ತಕ ಕೊಡುತ್ತಿದ್ದವರು ಅವರು. ಈಗ ನಾನು ಅವರಿಗೆ ತುತ್ತು ತಿನ್ನಿಸುವ ಹಾಗೆ ಕಥೆ ತಿನ್ನಿಸುವುದು ಅವರಿಗೆ ಬೇಡವಾಗಿತ್ತು. ಅರ್ಥವಾದ ಮಾತ್ರಕ್ಕೆ ನೋವು ಕಮ್ಮಿಯಾಗಲಿಲ್ಲ.

ಆ ಹೊತ್ತಿನಲ್ಲೇ ಮಗಳು ಮೊಬೈಲ್ ಹಿಡಿದು ಅಡುಗೆಮನೆಗೆ ಬಂದಳು. ಅವಳು ಕಾಲೇಜಿನ ಕೊನೆಯ ವರ್ಷದಲ್ಲಿದ್ದಾಳೆ. ಕನ್ನಡ ಓದಲು ಬರುತ್ತದೆ, ಆದರೆ ಅಂಗಡಿ ಬೋರ್ಡಿಗಿಂತ ಉದ್ದದ್ದನ್ನು ಓದಿದ್ದು ನಾನು ಕಂಡಿರಲಿಲ್ಲ.

“ಅಮ್ಮಾ, ನಿಂದೂ ಅಜ್ಜಿದೂ ಒಂದು ಫೇವರಿಟ್ ಬುಕ್ ಇತ್ತಲ್ಲ, ಮಿಲ್ ಓನರ್ ಮರ್ಡರು? ಅದು ಟಿವಿಲಿ ಬರ್ತಾ ಇದೆ. ಪ್ರತಿ ಸಂಡೇ ಬೆಳಿಗ್ಗೆ.”

“ಹಾಳು ಮಾಡ್ತಾರೆ ಬಿಡು,” ಎಂದೆ.

“ಇನ್ನೂ ಶುರುನೇ ಆಗಿಲ್ಲ ಕಣಮ್ಮಾ!”

“ಶುರು ಆಗ್ಬೇಕಾಗಿಲ್ಲ. ಹಾಳು ಮಾಡೇ ಮಾಡ್ತಾರೆ. ಅಜ್ಜಿ ಕಿವಿಗೆ ಹಾಕ್ಬೇಡ, ಪಾಪ.”

ಆದರೆ ಚಿಕಿತ್ಸೆಯ ಮೇಡಂ ಬಂದಾಗ ಮಗಳು ಅವಳನ್ನೇ ಕೇಳಿಬಿಟ್ಟಳು. ಟಿವಿ ಮುಂದೆ ಸುಮ್ಮನೆ ಕೂರಿಸುವುದರಿಂದ ಪ್ರಯೋಜನವಿಲ್ಲ, ಜೊತೆಗೆ ಕೂತು ನೋಡಿ, ಅವರಿಗೆ ಮೊದಲೇ ಗೊತ್ತಿರುವ ಕಥೆಯಾದರೆ ಒಳ್ಳೆಯದೇ ಎಂದಳು ಆಕೆ. ಆಮೇಲೆ ನನ್ನ ಕಡೆ ನೋಡಿ, “ಅವರಿಗೆ ಜಗಳ ಆಡೋಣ ಅನ್ನಿಸೋ ಅಂಥದ್ದು ಏನಾದ್ರೂ ಇದ್ರೆ ಇನ್ನೂ ಒಳ್ಳೇದು,” ಎಂದಳು. ಹಾಗೆ ನನ್ನ ಸಿದ್ಧಾಂತವನ್ನು ಮಡಚಿ ಅಟ್ಟದ ಮೇಲಿಟ್ಟು, ಭಾನುವಾರ ದೋಸೆಯ ಹೆಂಚನ್ನು ಬೇಗ ಇಳಿಸಿ, ನಾವು ಮೂವರು ಟಿವಿಯ ಮುಂದೆ ಕುಳಿತೆವು. ನನ್ನವರು ಪೇಪರು ಹಿಡಿದು ವರಾಂಡಕ್ಕೆ ಹೋದರು. ಅವರದು ಮೊದಲಿಂದಲೂ ತಟಸ್ಥ ನೀತಿ.

ಬೂಟು ತೋರಿಸಿದರು. ಕನ್ನಡಕ ತೋರಿಸಿದರು. ಗಡ್ಡ ತೋರಿಸಿದರು. ನಾನು ಮಗಳ ಕಡೆ ‘ಹೇಳಿದ್ನಲ್ಲ’ ಎಂಬಂತೆ ನೋಡಿದೆ. ನಮ್ಮ ಪುಸ್ತಕದ ಪತ್ತೇದಾರ ಬೋಳುತಲೆಯವನು, ಅಜೀರ್ಣದವನು, ಜೇಬಿನಲ್ಲಿ ಸದಾ ಓಮಕಾಳು ಇಟ್ಟುಕೊಂಡಿರುವವನು. ಇವನೋ ಬೈಕಿನ ಜಾಹೀರಾತಿನಿಂದ ನೇರ ಇಳಿದು ಬಂದ ಹಾಗಿದ್ದ.

ಅಷ್ಟಾದರೂ ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳುತ್ತೇನೆ. ಆ ಗಿರಣಿಯ ಮನೆಯನ್ನು ಅವರು ಎಲ್ಲಿ ಹುಡುಕಿದರೋ, ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದಕ್ಕಿಂತ ಚೆನ್ನಾಗಿತ್ತು. ತೊಟ್ಟಿಯಲ್ಲಿ ಬಿಸಿಲು, ಗಾಳಿಗೆ ತೇಲುವ ಹತ್ತಿಯ ಎಳೆ, ಕಂಬದ ಮೇಲೆ ಎಣ್ಣೆಯ ಜಿಡ್ಡು. ಅಕ್ಕನ ಪಾತ್ರದ ಹೆಂಗಸು ನನಗೆ ಗೊತ್ತಿಲ್ಲದ ನಟಿ, ನಾಟಕದವಳಿರಬೇಕು. ಅವಳು ಏನೂ ಮಾತಾಡದೆ ಅಕ್ಕಿ ಆರಿಸುತ್ತಾ ಕೂತಿದ್ದಳು. ತಮ್ಮನ ಹೆಂಡತಿ ಎದುರಿಗೆ ಹಾದಾಗ ಮಾತ್ರ ಆ ಬೆರಳುಗಳು ಒಂದು ಗಳಿಗೆ ನಿಂತು ಮತ್ತೆ ಆಡಿದವು. ಪುಸ್ತಕದಲ್ಲಿ ಒಂದಿಡೀ ಪುಟ ತೆಗೆದುಕೊಂಡಿದ್ದ ದ್ವೇಷವನ್ನು ಅವಳು ಮೊರದೊಳಗೇ ತೋರಿಸಿಬಿಟ್ಟಳು. ಪಕ್ಕಕ್ಕೆ ನೋಡಿದರೆ ಅತ್ತೆ ಕುರ್ಚಿಯ ತುದಿಗೆ ಬಂದು ಕೂತಿದ್ದರು.

ಹಾಗೆ ಎರಡು ಭಾನುವಾರ ಕಳೆಯಿತು. ಮೂರನೆಯದರಲ್ಲಿ ಹೆಂಡತಿಯ ಹೇಳಿಕೆ ಬಂತು. ಪತ್ತೇದಾರ ಕೇಳಿದ. ಹೆಂಡತಿ ಕಣ್ಣೊರೆಸಿಕೊಂಡಳು. ಈ ಒಂದು ಮಾತಿಗೇ ತಾನೆ ಇಷ್ಟೆಲ್ಲ.

ಅವಳು ಬಾಯಿ ಬಿಟ್ಟು, ಗಂಡನ ಹೆಸರು ಹಿಡಿದು, ಏಕವಚನದಲ್ಲಿ, ಆತ ಊಟ ಮುಗಿಸಿ ರೂಮಿಗೆ ಹೋದ, ಆಮೇಲೆ ಬಾಗಿಲು ಹಾಕಿಕೊಂಡ ಎಂದಳು. ಈ ಕಾಲದ ಹೆಂಡತಿ, ಈ ಕಾಲದ ಮಾತು. ಸಂಭಾಷಣೆ ಬರೆದವರಿಗೆ ಹಳೆಯ ‘ಅವರು’ ಸಪ್ಪೆ ಎನಿಸಿರಬೇಕು. ಕಥೆಯ ಬೀಗದ ಕೈಯನ್ನೇ ಗುಜರಿಗೆ ಹಾಕಿದ್ದರು.

ನಾನು ಕೂಗಾಡಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಿಂದ ಬೇರೆ ದನಿ ಬಂತು.

“ಥೂ!”

ಮಗಳೂ ನಾನೂ ತಿರುಗಿದೆವು. ಅತ್ತೆಯ ಎಡಗೈ ಟಿವಿಯ ಕಡೆ ಚಾಚಿತ್ತು, ಮುಖ ಕೆಂಪಾಗಿತ್ತು. “ಅದು... ಅದು...” ಎಂದರು. ತಲೆ ಕೊಡವಿದರು. ಅದಲ್ಲ ಎಂದು ಅವರಿಗೇ ಗೊತ್ತಾಗಿತ್ತು. ತುಟಿ ಏನನ್ನೋ ಹಿಡಿಯಲು ಹೋಗಿ ಜಾರಿತು. ನನ್ನ ನಾಲಗೆಯ ತುದಿಯಲ್ಲಿ ಆ ಪದ ಕುಣಿಯುತ್ತಿತ್ತು. ಕೊಟ್ಟುಬಿಡಲೇ? ಮಗಳು ನನ್ನ ಮೊಣಕೈ ಹಿಡಿದು ಒತ್ತಿದಳು. ಟಿವಿಯಲ್ಲಿ ಯಾರೋ ತಲೆಗೆ ಹಚ್ಚುವ ಎಣ್ಣೆಯ ಗುಣಗಾನ ಮಾಡತೊಡಗಿದ್ದರು.

“ಹೆಸ್ರು,” ಎಂದರು ಅತ್ತೆ. ಸ್ವಲ್ಪ ಹೊತ್ತು ಬಿಟ್ಟು, “ಹೆಸ್ರು... ಬ್ಯಾಡ.”

ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನೆನಪಿಲ್ಲ. ಅತ್ತೆ ನಮ್ಮನ್ನು ನೋಡಲೇ ಇಲ್ಲ. ಎಡಗೈಯನ್ನು ಗೋಡೆಯ ಕಡೆ, ಮಾವನ ಫೋಟೋದ ಕಡೆ ಎತ್ತಿ, ಒಂದೊಂದೇ ಅಕ್ಷರವನ್ನು ಬಾವಿಯಿಂದ ಸೇದಿದ ಹಾಗೆ ಎಳೆದು ಹೇಳಿದರು:

“ಅ...ವ್ರು.”

‘ಅದು’ ಹೋಗಿ ‘ಅವರು’ ಬಂದಿತ್ತು. ಪೇಪರು ಹಿಡಿದವರು ಬಾಗಿಲಲ್ಲಿ ಬಂದು ನಿಂತು, “ಅವ್ವ ಮಾತಾಡಿದ್ಲಾ?” ಎಂದು ಕೇಳಿದರು. “ಮಾತಲ್ಲ ಅಪ್ಪಾ, ಬೈಗುಳ,” ಎಂದಳು ಮಗಳು.

ಆಮೇಲೆ ಭಾನುವಾರಗಳಿಗೆ ನಾವು ಕಾಯತೊಡಗಿದೆವು. ಚಿಕಿತ್ಸೆಯ ಮೇಡಂ ಬಾಳೆಹಣ್ಣನ್ನು ಚೀಲಕ್ಕೆ ಹಾಕಿಕೊಂಡು, ಈ ವಾರ ಏನು ತಪ್ಪು ಮಾಡಿದರಜ್ಜಿ ಎಂದು ಕೇಳಲು ಶುರುಮಾಡಿದಳು. ತಪ್ಪುಗಳಿಗೆ ಬರವಿರಲಿಲ್ಲ. ‘ಗಡ್ಡ... ಬ್ಯಾಡ.’ ‘ಬೋಳ.’ ‘ಓಮ.’ ಓಮಕಾಳು ಇಲ್ಲದ ಪತ್ತೇದಾರನ ಮೇಲೆ ಅವರಿಗೆ ಕೊನೆಯವರೆಗೂ ಕ್ಷಮೆ ಹುಟ್ಟಲಿಲ್ಲ. ಕೆಲವು ದಿನ ಏನೂ ಬರುತ್ತಿರಲಿಲ್ಲ, ಎಲ್ಲವೂ ಮತ್ತೆ ಅದು ಆಗಿಬಿಡುತ್ತಿತ್ತು. ಅಂಥ ದಿನ ಅವರು ಊಟ ಬಿಟ್ಟು ಮಲಗುವರು. ಮಾರನೆಯ ದಿನ ಒಂದು ಪದ ಹೊಸದಾಗಿ ಬರುವುದು. ಮಗ ಮತ್ತೆ ‘ತಮ್ಮಾ’ ಆದ, ಮೊಮ್ಮಗಳು ‘ಪುಟ್ಟಿ’ ಆದಳು. ನಾನು ಮಾತ್ರ ಇನ್ನೂ ಅದು. ನನ್ನ ಸರದಿ ಬರುತ್ತದೆ ಎಂದುಕೊಂಡು ಅವರ ಕಾಫಿ ಆರಿಸುತ್ತಿದ್ದೆ.

ಕೊನೆಯ ಕಂತಿನಲ್ಲಿ ನಾನು ಹೆದರಿದ್ದೇ ಆಯಿತು. ‘ಅವರು’ ಎಂಬ ಮರೆ ಇಲ್ಲದ ಮೇಲೆ ಹೆಂಡತಿಯ ಮಾತು ಶುದ್ಧ ಸುಳ್ಳಾಗಲೇಬೇಕಲ್ಲ. ಸುಳ್ಳು ಹೇಳಿದವಳು ಕೊಲೆಗಾತಿ ಆಗಲೇಬೇಕಲ್ಲ. ಆ ಬಡಪಾಯಿಯ ಕೈಗೆ ಬೇಡಿ ಹಾಕಿ ಮಳೆಯಲ್ಲಿ ನಡೆಸಿಕೊಂಡು ಹೋದರು. ಅಕ್ಕಿ ಆರಿಸುತ್ತಿದ್ದ ಆ ಅದ್ಭುತ ನಟಿ ಸುಮ್ಮನೆ ಬಾಗಿಲಲ್ಲಿ ನಿಂತು ನೋಡಿದಳು. ಪುಸ್ತಕದಲ್ಲಿ ಮೊದಲಿಂದ ನಿಜ ನುಡಿದವಳು ಟಿವಿಯಲ್ಲಿ ಜೈಲಿಗೆ ಹೋದಳು.

“ಸುಳ್ಳು,” ಎಂದರು ಅತ್ತೆ. ಈ ಸಲ ಹುಡುಕಲೇ ಇಲ್ಲ, ಪದ ತಾನಾಗಿ ಬಂತು. “ಆಕಿ... ಖರೆ. ಆಕಿ ಖರೆ ಹೇಳ್ಯಾಳ.”

“ಹಾಗಾದ್ರೆ ಕೊಂದಿದ್ದು ಯಾರು ಅಜ್ಜಿ?” ಎಂದಳು ಮಗಳು.

ಅತ್ತೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಕಪಾಟಿನ ಕಡೆ ಗದ್ದ ಚಾಚಿದರು.

ಆ ಸಂಜೆ ಮಗಳು ಪುಸ್ತಕ ತೆಗೆದಳು. ಅಜ್ಜಿಯ ಕಾಲಬಳಿ ನೆಲದ ಮೇಲೆ ಕೂತು ಗಟ್ಟಿಯಾಗಿ ಓದತೊಡಗಿದಳು. ಒತ್ತಕ್ಷರ ಬಂದಲ್ಲೆಲ್ಲ ಬಂಡಿ ನಿಲ್ಲುತ್ತಿತ್ತು. ಅಜ್ಜಿ ತಮ್ಮ ಎಡಗೈ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕಿ ಕಾಯುತ್ತಿದ್ದರು. ನಾನು ಓದಿದಾಗ ಗೋಡೆಯ ಕಡೆ ಹೊರಳಿದ್ದವರು ಇವಳಿಗೆ ಮುಖ ಕೊಟ್ಟು ಕೂತಿದ್ದು ಯಾಕೆಂದು ನನಗೆ ಬೇಗ ತಿಳಿಯಿತು. ಇವಳಿಗೂ ಪದಗಳು ತಡವರಿಸುತ್ತಿದ್ದವು. ಕಥೆ ಕೊಡುವವರು ಮತ್ತೆ ಅತ್ತೆಯೇ ಆಗಿದ್ದರು. ಓದುವವಳು ದಾರಿ ತಿಳಿಯದ ಹೊಸಬಳು, ಅಷ್ಟೆ.

ಟಿವಿಯವರ ಮೇಲೆ ನನಗಿರುವ ತಕರಾರು ಹಾಗೇ ಇದೆ. ಆದರೆ ಇಷ್ಟು ಒಪ್ಪಿಕೊಳ್ಳುತ್ತೇನೆ. ಅವರು ಪುಸ್ತಕವನ್ನು ಇದ್ದ ಹಾಗೇ, ಭಯಭಕ್ತಿಯಿಂದ ತೋರಿಸಿದ್ದರೆ ಅತ್ತೆ ತಲೆದೂಗಿ ಸುಮ್ಮನಿದ್ದುಬಿಡುತ್ತಿದ್ದರು. ಮಗಳೂ ಕಪಾಟಿನವರೆಗೆ ಹೋಗುತ್ತಿರಲಿಲ್ಲ, ಕಥೆ ಗೊತ್ತಾಯಿತಲ್ಲ ಎನ್ನುತ್ತಿದ್ದಳು. ಅಷ್ಟು ಶ್ರದ್ಧೆಯಿಂದ ಕೆಡಿಸಿದವರಿಗೆ ದೇವರು ಒಳ್ಳೆಯದು ಮಾಡಲಿ.

ಕೆಲವು ಸಂಜೆಗಳಾದ ಮೇಲೆ ಮಗಳು ಹೆಂಡತಿಯ ಹೇಳಿಕೆಗೆ ಬಂದಳು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಕೇಳಿಸಲಿ ಎಂದು ಕೈ ನಿಲ್ಲಿಸಿದೆ. ‘ಅವರು ಊಟ ಮುಗಿಸಿ ಕೋಣೆಗೆ ಹೋದರು,’ ಎಂದು ಓದಿದಳು. ‘ಆಮೇಲೆ ಅವರು ಬಾಗಿಲು ಹಾಕಿದ ಸದ್ದು ಕೇಳಿಸಿತು.’ ನಾನು ಮೊದಲ ಸಲ ಓದಿದಾಗ ಈ ಸಾಲಿನ ಮೇಲೆ ಕಣ್ಣು ಕೂಡ ನಿಂತಿರಲಿಲ್ಲ. ಇವಳೂ ಮುಂದಿನ ಸಾಲಿಗೆ ಹೋದಳು. ಹೋಗಿ, ನಿಂತಳು.

“ಒಂದ್ನಿಮಿಷ ಅಜ್ಜಿ. ಅವತ್ತು ಟಿವಿ ನೋಡ್ತಾ ನೀನು ‘ಹೆಸ್ರು ಬ್ಯಾಡ, ಅವ್ರು’ ಅಂದೆ ಅಲ್ವಾ? ಇಲ್ಲಿ ಎರಡು ಸಲ ಅವರು ಅಂತ ಇದೆ. ಎರಡನೇ ಅವರು ಅಂದ್ರೆ ಯಾರು?”

ನನಗೆ ತಡೆಯಲಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಓಡಿ ಬಂದೆ. “ಅದೇ ಕಣೇ ಪುಟ್ಟಿ, ಎರಡನೇ ಅವರು ಅಂದ್ರೆ...”

ಅತ್ತೆಯ ಎಡಗೈ ಮೇಲೆ ಬಂತು, ಅಂಗೈ ನನ್ನ ಕಡೆಗೆ. ಕಣ್ಣು ನೇರ ನನ್ನ ಮೇಲೆ.

“ಹೇಳಬ್ಯಾಡ, ಹುಡುಗಿ!”

ನಾನು ಹೇಳಲಿಲ್ಲ. ಒಳಗೆ ಹೆಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಮಗಳು ಒಂದು ಬೆರಳನ್ನು ಆ ಪುಟದಲ್ಲೇ ಇಟ್ಟುಕೊಂಡು ಮುಂದಿನ ಪುಟ ತಿರುಗಿಸಿದಳು.